ಮನೆಗೊಂದೇ ಓಟು

ಬಹರೈನಿನಲ್ಲಿ ನಮ್ಮ ಸಣ್ಣ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ದೇವಾಲಯವಿಲ್ಲ. ರಜೆಯ ದಿನವಾದ ಶುಕ್ರವಾರ ಬೇರೆ ಭಾಷೆಯವರ ಆರಾಧನೆ ಮುಗಿದ ಮೇಲೆ ಅದೇ ಹಾಲ್‌ನಲ್ಲಿ ನಾವು ಸೇರುತ್ತೇವೆ. ಒಮ್ಮೆ ನಮ್ಮ ಪಾದ್ರಿಗಳು ರಜೆಗೆ ಊರಿಗೆ ಹೋದಾಗ ಬದಲಿಗೆ ಬಂದವರು ಒಬ್ಬ ಹೆಂಗಸು. ನಮ್ಮ ಕಡೆ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡಲು ಶುರುಮಾಡಿದ ಕಾಲದಲ್ಲೇ ದೀಕ್ಷೆ ಪಡೆದವರು. ನಿವೃತ್ತರಾಗಿ, ಜುಫೈರ್‌ನಲ್ಲಿದ್ದ ಮಗಳ ಮನೆಗೆ ಬಂದಿದ್ದರು.

ಅವರನ್ನು ಏನೆಂದು ಕರೆಯುವುದು ಎಂದೇ ನಮಗೆ ತಿಳಿಯಲಿಲ್ಲ. ಗಂಡಸಾದರೆ ಅಯ್ಯನವರು. ಅಮ್ಮನವರು ಎಂದರೆ ಅಯ್ಯನವರ ಹೆಂಡತಿ. ಮೊದಲ ವಾರ ಯಾರೂ ಏನೂ ಕರೆಯಲಿಲ್ಲ. ಅವರ ಕೈಯಿಂದ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಇಬ್ಬರು ಹಿರಿಯರು ಎದ್ದೇ ಹೋಗಲಿಲ್ಲ.

ಆರಾಧನೆ ಮುಗಿದೊಡನೆ ಅವರು ಹೆಂಗಸರನ್ನು ಮಾತ್ರ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗೇ ಉಳಿಯುತ್ತಿದ್ದ ನನಗೆ ಒಳಗಿನ ನಗು ಕೇಳಿಸುತ್ತಿತ್ತು, ಆಮೇಲೆ ಪಿಸುಮಾತು. ನನ್ನ ಗಂಡ ಸಭೆಯ ಕಾರ್ಯದರ್ಶಿ. ಹಮದ್ ಟೌನಿನ ನಮ್ಮ ಮನೆಗೆ ಮರಳುವಾಗ ಕಾರಿನಲ್ಲಿ ಕೇಳಿದರು.

"ಅಲ್ಲಿ ಎಂತ ನಡೀತಾ ಉಂಟು? ಅವರ ಅಳಿಯನಿಗೆ ನನ್ನ ಜಾಗ ಬೇಕು, ನಂಗೆ ಗೊತ್ತುಂಟು. ನೀನು ಒಮ್ಮೆ ಒಳಗೆ ಹೋಗಿ ನೋಡು ಮಾರಾಯ್ತಿ."

ಸೀಫ್‌ನ ಬ್ಯಾಂಕೊಂದರಲ್ಲಿ ಸಹಿ ತಾಳೆ ನೋಡುವುದು ನನ್ನ ಕೆಲಸ. ಅನುಮಾನ ಪಡುವುದಕ್ಕೇ ಸಂಬಳ. ಹೋದೆ.

ಒಳಗೆ ಅವರು ಒಬ್ಬೊಬ್ಬರನ್ನೇ ಎಬ್ಬಿಸಿ, "ಈ ಸಭೆಯಲ್ಲಿ ಏನು ಬದಲಾಗಬೇಕು? ಗಂಡನನ್ನು ಕೇಳದೆ ಹೇಳಿ" ಎನ್ನುತ್ತಿದ್ದರು. ನರ್ಸ್ ಕೆಲಸದ ಹುಡುಗಿಯೊಬ್ಬಳು ಎದ್ದಳು. "ನನ್ನ ಗಂಡ ಸೌದಿಯಲ್ಲಿ. ವಾರ್ಷಿಕ ಮೀಟಿಂಗಿಗೆ ನಾನೇ ಬರುವುದು. ಆದ್ರೆ ಮನೆಗೊಂದೇ ಓಟು, ಅದೂ ಯಜಮಾನನದ್ದು. ನಮ್ಮ ಮನೆಯನ್ನು ಲೆಕ್ಕಕ್ಕೇ ತಗೊಳ್ಳುದಿಲ್ಲ."

ಅದಕ್ಕೆ ಪಾದ್ರಿಯವರು ತಮ್ಮ ಕಥೆ ಹೇಳಿದರು. ಮೊದಲು ಸೇವೆಗೆ ಹೋದ ಊರಿನಲ್ಲಿ ಬೆಳಿಗ್ಗೆ ಪ್ರಸಂಗ ಮಾಡಿದ ಇವರನ್ನೇ ಮಧ್ಯಾಹ್ನ ಹಿರಿಯರ ಮೀಟಿಂಗಿನ ಹೊತ್ತಿಗೆ ಹೊರಗೆ ಕೂರಲು ಹೇಳಿದರಂತೆ. "ದೀಕ್ಷೆ ಪಡೆದ ಹೆಂಗಸರು ನಾವು ಕೆಲವರೇ ಇದ್ದದ್ದು. ಸಭೆಯ ಹೆಂಗಸರನ್ನು ಸೇರಿಸಿಕೊಂಡೆವು. ಮೊದಲು ಓಟು ಕೇಳಿದೆವು. ಆಮೇಲೆ ಅಪ್ಪನ ಆಸ್ತಿಯಲ್ಲಿ ಪಾಲು ಕೇಳಲಿಕ್ಕೆ ಧೈರ್ಯ ಬಂತು."

ಕಥೆ ಚೆನ್ನಾಗಿತ್ತು. ಚೆನ್ನಾಗಿದ್ದುದೇ ನನಗೆ ಸರಿಬರಲಿಲ್ಲ. ಬಹಳ ಸಲ ಹೇಳಿ ನುಣುಪಾದ ಮಾತಿನಂತಿತ್ತು. ಹೊರಡುವಾಗ ನೋಡಿದರೆ ಅವರು ಆ ನರ್ಸ್ ಜೊತೆ ಮೂಲೆಯಲ್ಲಿ ಪಿಸುಗುಡುತ್ತಿದ್ದರು. ನನ್ನನ್ನು ಕಂಡೊಡನೆ ನರ್ಸ್ ಚೀಲ ಎತ್ತಿಕೊಂಡು ಹೊರಟಳು. ಮನೆಗೆ ಬಂದು ಗಂಡನಿಗೆ ಎಲ್ಲವನ್ನೂ ಹೇಳಿದೆ.

ವಾರ್ಷಿಕ ಮೀಟಿಂಗಿನಲ್ಲಿ ಆ ನರ್ಸೇ ಎದ್ದು, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಓಟು ಬೇಕು ಎಂದಳು. ನನ್ನ ಗಂಡ ತಯಾರಾಗಿಯೇ ಇದ್ದರು. "ಸರಿ. ಆದ್ರೆ ಈಗಿನ ನಿಯಮದ ಹಾಗೆ ಇವತ್ತು ಯಜಮಾನರು ಮಾತ್ರ ಕೈ ಎತ್ತಬೇಕು."

ಗಂಡಸರು ಹೆಂಡಂದಿರ ಮುಖ ನೋಡುತ್ತ ಒಬ್ಬೊಬ್ಬರಾಗಿ ಕೈ ಎತ್ತಿದರು. ಪ್ರಭುಭೋಜನಕ್ಕೆ ಏಳದಿದ್ದ ಹಿರಿಯರಲ್ಲೊಬ್ಬರ ಕೈಯೂ ಮೇಲಿತ್ತು. ನನ್ನ ಗಂಡ ಅವರನ್ನೇ ದುರುಗುಟ್ಟಿ ನೋಡಿದಾಗ, "ಎಂತ ಮಾಡುದು? ನಾನು ಮನೆಗೆ ಹೋಗ್ಬೇಡ್ವಾ?" ಎಂದರು. ಇಡೀ ಹಾಲ್ ನಕ್ಕಿತು. ಹೆಂಗಸರಿಗೆ ಓಟು ಬಂತು.

ಮುಂದಿನ ವಾರವೇ ಪಾದ್ರಿಯವರ ಅಳಿಯ ಕಾರ್ಯದರ್ಶಿ ಸ್ಥಾನಕ್ಕೆ ನಿಂತ. "ನಾನು ಹೇಳಿದ್ದಲ್ವಾ?" ಎಂದರು ನನ್ನ ಗಂಡ. ಮರುದಿನ ಕೆಲಸ ಮುಗಿಸಿ ನೇರ ಜುಫೈರ್‌ಗೆ ಹೋದೆ. ಅವರು ಒಬ್ಬರೇ ಇದ್ದರು, ಬಟ್ಟೆ ಮಡಚುತ್ತಿದ್ದರು.

"ಇದೆಲ್ಲ ಅಳಿಯನಿಗಾಗಿಯಾ?" ಎಂದು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. "ಅವನು ನಿಂತದ್ದು ನನಗೂ ಇಷ್ಟ ಇಲ್ಲ. ಬೇಡ ಅಂದೆ, ಕೇಳಲಿಲ್ಲ."

"ಹಾಗಾದ್ರೆ ಅವನಿಗೆ ಹಾಕಬೇಡಿ ಅಂತ ಹೆಂಗಸರಿಗೆ ಹೇಳಿ."

"ಅದು ಹೇಗಮ್ಮ ಆಗ್ತದೆ? ಇಷ್ಟು ದಿನ ಗಂಡಂದಿರು ಹೇಳ್ತಿದ್ದರು, ಇನ್ನು ನಾನು ಹೇಳುವುದಾ?"

ನಂಬಿದೆನೇ? ಅರ್ಧ. ಅಳಿಯನ ಬಟ್ಟೆಗಳನ್ನು ಮಡಚುತ್ತಲೇ ಅವರು ಆ ಮಾತು ಹೇಳಿದ್ದರು. ನಿಜ ಹೇಳುವವರೂ ಹಾಗೆಯೇ ಹೇಳುತ್ತಾರೆ, ಸುಳ್ಳು ಹೇಳಿ ಅಭ್ಯಾಸವಾದವರೂ ಹಾಗೆಯೇ.

ಚುನಾವಣೆಯ ದಿನ ಹೆಂಗಸರೆಲ್ಲ ಸಾಲಿನಲ್ಲಿ ನಿಂತು ಚೀಟಿ ಹಾಕಿದೆವು. ನನ್ನ ಗಂಡ ಅಂತೂ ಇಂತೂ ಗೆದ್ದರು. ಅಳಿಯ ಬಂದು ಕೈಕುಲುಕಿದ. ಅವನ ಅತ್ತೆ ದೂರದಿಂದ ನನ್ನತ್ತ ನೋಡಿ ತಲೆಯಾಡಿಸಿದರು. ಏಕೆಂದು ಇಂದಿಗೂ ನನಗೆ ತಿಳಿಯದು. ಅದೇ ತಿಂಗಳು ಅವರು ಊರಿಗೆ ಮರಳಿದರು.

ಗೆದ್ದರೂ ಗಂಡನ ಮುಖ ಅರಳಲಿಲ್ಲ. ಮನೆ ತಲಪುವ ಮೊದಲು ಕೇಳಿದರು.

"ನೀನು ನಂಗೇ ಹಾಕಿದ್ದಲ್ವಾ?"

"ಹಾಕಿದ್ದೇನೆ."

"ಯಾರಿಗೆ?"

"ಓಟು ಹಾಕಿದ್ದೇನೆ."

ಈಗಲೂ ಒಮ್ಮೊಮ್ಮೆ, ಊಟದ ನಡುವೆ, ಅವರು ತಲೆಯೆತ್ತಿ ನನ್ನನ್ನು ನೋಡುವುದುಂಟು. ನಾನು ಅನ್ನ ಬಡಿಸುತ್ತೇನೆ.