ಬೀಜದಮ್ಮನ ಜಾಡಿ

ನಾಲ್ಕು ಎಕರೆಯಲ್ಲಿ ಎಷ್ಟು ತಲೆನೋವು ಬೆಳೆಯಬಹುದು ಎಂದು ತಿಳಿಯಬೇಕಾದರೆ ಬೀಜದಮ್ಮನ ತೋಟ ನೋಡಬೇಕು. ಒಂದು ಕಡೆ ತರಕಾರಿ, ಒಂದು ಕಡೆ ಹಣ್ಣಿನ ಗಿಡ, ನಡುವೆ ಹನ್ನೆರಡು ಆಡು, ಕೈಗೆ ಸಿಗದ ಕೋಳಿಗಳು, ಮೂಲೆಯಲ್ಲಿ ಜೇನುಪೆಟ್ಟಿಗೆ. ಒಂದಕ್ಕೆ ಮೇವು ಹಾಕಿ ಬರುವಷ್ಟರಲ್ಲಿ ಇನ್ನೊಂದು ಬೇಲಿ ಹಾರಿರುತ್ತದೆ. ಇದನ್ನೆಲ್ಲ ಕಲಿಯುತ್ತೇವೆಂದು ಆರು ತಿಂಗಳಿಗೆ ಇಬ್ಬರಂತೆ ಬಂದು, ಅವಳ ಮನೆಯಲ್ಲೇ ಉಂಡು ಮಲಗಿ, ಕೈಗೆ ಬೊಬ್ಬೆ ಬರಿಸಿಕೊಂಡು ಹೋಗುತ್ತಿದ್ದರು. ಈ ಏರ್ಪಾಡು ಶುರು ಮಾಡಿದವಳು ಅವಳ ಮಗಳು. ಮಗಳು ತೀರಿಕೊಂಡ ಮೇಲೂ ತಾಯಿ ನಿಲ್ಲಿಸಲಿಲ್ಲ. ಮನೆ ಬಿಕೋ ಎನ್ನುವುದಕ್ಕಿಂತ ಯಾರಾದರೂ ತಪ್ಪು ಮಾಡಿ ಬೈಸಿಕೊಳ್ಳುತ್ತಿರುವುದು ವಾಸಿ ಎನ್ನುತ್ತಿದ್ದಳು.

ಬಂದವರನ್ನು ಹಳೆಯ ಕಸುಬಿನಿಂದಲೇ ಕರೆಯುವುದು ಅವಳ ರೂಢಿ. ಈ ಸಲ ಡ್ರೈವರ್ ಮತ್ತು ಟೈಲರ್. ಡ್ರೈವರ್‌ಗೆ ಬೀಜದ ಕೆಲಸ. ಟೈಲರ್ ಹೆಂಗಸಿಗೆ ಆಡು, ಕೋಳಿ. ಮೊದಲ ದಿನವೇ ಇಬ್ಬರಿಗೂ ಪಾಠವಾಗಿತ್ತು: "ಬೀಜಾನ ಯಾವತ್ತೂ ಒಂದೇ ಕಡೆ ಇಡಬಾರದು. ಎರಡು ಕಡೆ ಇಡಿ, ಮೇಲೆ ಹೆಸರು ಬರೀರಿ."

ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅವಳ ಅತಿ ಮುದ್ದಿನ ಬೀಜವೇ ಅಡುಗೆಮನೆಯ ಗೂಡಿನಲ್ಲಿ, ಬೇಳೆ ಡಬ್ಬಗಳ ಪಕ್ಕ, ಹೆಸರಿಲ್ಲದ ಒಂದು ಗಾಜಿನ ಜಾಡಿಯಲ್ಲಿತ್ತು. ಮಗಳು ಬೀನ್ಸ್ ಸಾಲಿನಲ್ಲಿ ಎಲ್ಲಕ್ಕಿಂತ ಬೇರೆಯಾದ ಒಂದು ಗಿಡ ಕಂಡು ಹನ್ನೊಂದು ಕಾಳು ಎತ್ತಿಟ್ಟಿದ್ದಳು. ಬಿಳಿ ಕಾಳು, ಮೂತಿಯ ಸುತ್ತ ಕೆಂಪು ಉಂಗುರ. "ಜಾಡಿ ತುಂಬೋವರೆಗೂ ಬರೀ ಬಿತ್ತೋಣ ಅಮ್ಮ. ಆಮೇಲೆ ತಿನ್ನೋಣ" ಎಂದಿದ್ದಳು. ಎರಡನೇ ವರ್ಷದ ಕೊಯ್ಲಿಗೆ ಅವಳಿರಲಿಲ್ಲ. ನಾಲ್ಕೇ ದಿನದ ಜ್ವರ. ಈ ವರ್ಷ ಜಾಡಿ ತುಂಬಿತ್ತು. ಅರ್ಧ ತೆಗೆದು ಬೇರೆ ಕಡೆ ಇಡಲು ಬೀಜದಮ್ಮನಿಗೆ ಮನಸ್ಸಾಗಲಿಲ್ಲ. ಒಲೆಯ ಮುಂದೆ ನಿಂತಾಗ ತುಂಬಿದ ಜಾಡಿ ಕಣ್ಣಿಗೆ ಬೀಳಬೇಕಿತ್ತು.

ಆರು ತಿಂಗಳು ಮುಗಿದು, ಡ್ರೈವರ್‌ಗಿಂತ ಒಂದು ದಿನ ಮೊದಲು ಟೈಲರ್ ಹೊರಡುವ ದಿನ ಬೀಜದಮ್ಮ ಮಾರುಕಟ್ಟೆಗೆ ತರಕಾರಿ ಹಾಕಿ ಮಧ್ಯಾಹ್ನ ಮನೆಗೆ ಬಂದಳು.

"ಇವತ್ತು ಅಡುಗೆ ನಂದು. ನೀವು ಸುಮ್ನೆ ಕೂತ್ಕೊಳ್ಳಿ ಅಮ್ಮ" ಎಂದು ಟೈಲರ್ ಸಂಭ್ರಮದಿಂದ ಬಡಿಸಿದಳು.

ಈರುಳ್ಳಿ, ಟೊಮೆಟೊ ನಡುವೆ ಬಿಳಿ ಕಾಳು. ಮಾಸಿದ ಕೆಂಪು ಉಂಗುರ. ಬೀಜದಮ್ಮ ಗೂಡಿನ ಕಡೆ ನೋಡಿದಳು. ಜಾಡಿಯನ್ನು ತೊಳೆದು ಬೋರಲು ಹಾಕಿತ್ತು.

ಡ್ರೈವರ್ ಗುರುತು ಹಿಡಿದ. ತುತ್ತು ಕೈಯಲ್ಲೇ ನಿಂತಿತು. "ಅಮ್ಮ, ಇದು..."

"ಬಾಯಿ ಮುಚ್ಕೊಂಡು ಊಟ ಮಾಡಪ್ಪ" ಎಂದಳು ಬೀಜದಮ್ಮ.

ತಪ್ಪು ತನ್ನದು. ಆರು ತಿಂಗಳು ಮುಖ ಸಿಂಡರಿಸದೆ ಆಡಿನ ಹಿಕ್ಕೆ ಗುಡಿಸಿದ ಹೆಂಗಸು, ಹೋಗುವ ದಿನ ಅಳುತ್ತ ಹೋಗುವುದು ಬೇಡ. ಬೀಜದಮ್ಮ ಕಾಳು ಬಾಯಿಗೆ ಹಾಕಿಕೊಂಡಳು. ಬೆಣ್ಣೆಯಂತಿತ್ತು. ಮಗಳು ಇದರ ರುಚಿ ನೋಡದೆ ಹೋದಳಲ್ಲ ಎಂಬ ಸಂಕಟಕ್ಕೆ ಕಣ್ಣು ತುಂಬಿತು.

"ಖಾರ ಜಾಸ್ತಿಯಾಯ್ತಾ ಅಮ್ಮ? ಕಣ್ಣಲ್ಲಿ ನೀರು ಬರ್ತಿದೆ."

"ಸ್ವಲ್ಪ. ಇರಲಿ, ಇನ್ನೊಂದು ಸೌಟು ಹಾಕು."

ಒಂದು ಕಾಳೂ ಬಿಡದೆ ತಿಂದಳು.

ಬಸ್ಸಿಗೆ ಹೊರಟು ನಿಂತ ಟೈಲರ್ ಸಂಕೋಚದಿಂದ ಕೇಳಿದಳು: "ಆ ಕಾಳು ತುಂಬ ಚೆನ್ನಾಗಿತ್ತಮ್ಮ. ನಮ್ಮನೆ ಹಿತ್ತಲಲ್ಲಿ ಹಾಕೋದಕ್ಕೆ ಒಂದು ಹಿಡಿ ಬೀಜ ಕೊಡ್ತೀರಾ?"

ಬೀಜದಮ್ಮ ಅವಳ ಚೀಲಕ್ಕೆ ಮೂಲಂಗಿ, ಕುಂಬಳದ ಬೀಜದ ಪೊಟ್ಟಣ ತುರುಕಿದಳು. "ಅದನ್ನ ಮುಂದಿನ ವರ್ಷ ಕೊಡ್ತೀನಿ. ಬಾರಮ್ಮ."

ಬಸ್ಸು ಹೋಯಿತು. ಅವಳು ಒಳಗೆ ಬಂದು, ಒದ್ದೆ ಜಾಡಿಯನ್ನು ಎದೆಗವಚಿಕೊಂಡು, ಮಗಳು ಹೋದ ದಿನ ಬಾರದ ಅಳುವನ್ನೆಲ್ಲ ಅತ್ತಳು.