ಉರಿ ಬಂದ ವರ್ಷ ಚಂದವ್ವ ನಡೆದ ಹಾದಿ

ಇಳಕಲ್ಲಿನ ನೇಕಾರ ಮಹಾಂತಪ್ಪನಿಗೆ ತನ್ನದೆಂದು ಇದ್ದವಳು ಮಗಳು ಚಂದವ್ವ ಒಬ್ಬಳೇ. ಮನೆ ಸಾವಕಾರನದು, ಮಗ್ಗ ಸಾವಕಾರನದು, ಮಗ್ಗಕ್ಕೆ ಹೂಡಿದ ನೂಲೂ ಸಾವಕಾರನದೇ. ಅವನ ಹಿತ್ತಲಲ್ಲಿದ್ದ ಮಗ್ಗದ ಕೋಣೆಯಲ್ಲೇ ಅಪ್ಪ ಮಗಳು ನೇಯುತ್ತಿದ್ದರು, ಅಲ್ಲೇ ಉಂಡು ಮಲಗುತ್ತಿದ್ದರು. ಹೆಂಡತಿ ಸತ್ತ ಮೇಲೆ ಮಹಾಂತಪ್ಪ ಇನ್ನೊಂದು ಮದುವೆಯ ಮಾತೆತ್ತಲಿಲ್ಲ. ಗಂಡುಮಗನಿಗೆ ಕಲಿಸುವ ಹಾಗೆ ಮಗಳನ್ನು ಕುಣಿಮಗ್ಗಕ್ಕೆ ಇಳಿಸಿ ಲಾಳಿ ಎಸೆಯಲು ಕಲಿಸಿದ. ಹದಿನಾರು ತುಂಬುವ ಹೊತ್ತಿಗೆ ಅವಳು ಸೆರಗಿನ ರೇಷ್ಮೆಯನ್ನು ಒಡಲಿನ ನೂಲಿಗೆ ಒಂದೊಂದೇ ಎಳೆಯಾಗಿ ಕೂಡಿಸುವಷ್ಟು ಪಳಗಿದ್ದಳು.

ಅದು ಸಾವಿರದ ಒಂಬೈನೂರಾ ಹದಿನೆಂಟನೆಯ ಇಸವಿ. ಮಳೆ ಕೈಕೊಟ್ಟಿತ್ತು. ದಸರೆಯ ಹಿಂದೆಮುಂದೆ ಮುಂಬೈ ಕಡೆಯಿಂದ ಉರಿಜ್ವರ ಬಂತು. ಜನ ಪ್ಲೇಗು ಕಂಡವರು. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕೆಂದು ಬಲ್ಲವರು. ಈ ಸಲ ಇಲಿಯೂ ಬೀಳಲಿಲ್ಲ, ಮೈಮೇಲೆ ಗಡ್ಡೆಯೂ ಏಳಲಿಲ್ಲ. ಇಂದು ಮೈ ಕಾದವನು ನಾಡಿದ್ದಿಗೆ ಹೆಣವಾಗುತ್ತಿದ್ದ. ಅದೂ ಮುದುಕರನ್ನು ಬಿಟ್ಟು ಗಟ್ಟಿಮುಟ್ಟಾದವರನ್ನೇ ಹುಡುಕಿಕೊಂಡು ಬರುತ್ತಿತ್ತು. ಮಹಾಂತಪ್ಪ ಮಗ್ಗದ ಕುಣಿಯಲ್ಲಿ ಕೂತಲ್ಲೇ ಕೆಮ್ಮಿ ಗೋಡೆಗೆ ಒರಗಿದವನು ಮತ್ತೆ ಲಾಳಿ ಹಿಡಿಯಲಿಲ್ಲ. ಅವನನ್ನು ಹೊರಲು ನಾಲ್ಕು ಮಂದಿಯನ್ನು ಕೂಡಿಸಬೇಕಾದರೆ ಮಗಳು ಓಣಿಯ ಎಲ್ಲ ಬಾಗಿಲುಗಳನ್ನೂ ಬಡಿಯಬೇಕಾಯಿತು.

ಮಣ್ಣು ಮಾಡಿ ಬಂದ ಮರುದಿನ ಸಾವಕಾರನ ಹೆಂಡತಿ ಹಿತ್ತಲ ಬಾಗಿಲಲ್ಲೇ ನಿಂತು ಮಾತಾಡಿದಳು.

"ನಿನ್ನ ಮ್ಯಾಲೆ ಸಿಟ್ಟಿಲ್ಲವಾ ನನಗ. ಮನ್ಯಾಗ ಬಾಣಂತಿ ಅದಾಳ. ಆ ಖೋಲಿಗೆ ಸುಣ್ಣಾ ಹೊಡಸಬೇಕು. ನಿಮ್ಮ ಸಣ್ಣವ್ವ ಹುನಗುಂದದಾಗ ಅದಾಳಲ್ಲ, ಅಲ್ಲಿಗೆ ಹೋಗು."

"ತಿರುಗಿ ಯಾವಾಗ ಬರ್ಲಿರಿ?"

"ಮೊದಲ ಹೋಗು. ಆಮ್ಯಾಲೆ ನೋಡೂಣು."

ಚಂದವ್ವ ಎರಡು ಸೀರೆ, ಒಂದು ತಂಬಿಗೆ ಗಂಟು ಕಟ್ಟಿಕೊಂಡು ಹೊರಟಳು. ಹುನಗುಂದಕ್ಕೆ ಅರ್ಧ ದಿನದ ದಾರಿ. ಅವ್ವನ ತಂಗಿ ಸಿದ್ದವ್ವನ ಮನೆಗೆ ಬಂದರೆ ಬಾಗಿಲು ಹಾಕಿತ್ತು. ಕರೆದಳು, ಬಡಿದಳು. ಕಡೆಗೆ ಒಳಗಿನಿಂದ ಸಣ್ಣವ್ವನ ದನಿ ಕೇಳಿಸಿತು.

"ಒಳಗ ಎರಡ ಕೂಸ ಅದಾವ, ಚಂದವ್ವ. ನೀ ಉರಿ ಬಂದ ಮನಿಯಿಂದ ಬಂದೀದಿ. ನಿನ್ನ ಕಾಲ ಬೀಳ್ತೇನಿ, ಬಾಗಲಾ ತಗಿ ಅನಬ್ಯಾಡ."

ಸಣ್ಣ ಕಿಟಕಿಯಿಂದ ಅರಿವೆಯಲ್ಲಿ ಸುತ್ತಿದ ರೊಟ್ಟಿಗಳು ಹೊರಗೆ ಬಿದ್ದವು. ಚಂದವ್ವ ಕಟ್ಟೆಯ ಮೇಲೆ ಕೂತಳು. ಇನ್ನೇನು ಮನಸ್ಸು ಕರಗೀತು, ಅಗಳಿ ಸರಿದೀತು ಎಂದು ಕಿವಿಗೊಟ್ಟಳು. ಒಳಗೆ ಸಣ್ಣವ್ವ ಅಳುವುದು ಕೇಳಿತು, ಅಗಳಿಯ ಸಪ್ಪಳ ಕೇಳಲಿಲ್ಲ. ಎದುರುಮನೆಯವನು ಕೋಲು ಹಿಡಿದು ಬಂದು, "ಏಳ, ಏಳ! ಇಲ್ಲಿ ಕುಂತ ನಮಗೂ ಹಚ್ಚಬೇಕಂತೀಯೇನ?" ಎಂದ ಮೇಲೆ ಎದ್ದಳು.

ಅಲ್ಲಿಂದ ಮುಂದೆ ಅದೇ ಕಥೆ. ಗುಡಿಯ ಕಟ್ಟೆಯಲ್ಲಿ ಕೂತರೆ ಪೂಜಾರಿ ಎಬ್ಬಿಸಿದ. ಚಾವಡಿಯಲ್ಲಿ ತಲೆ ಊರಿದರೆ ಊರ ಕಾವಲಿನ ವಾಲೀಕಾರ ಎಬ್ಬಿಸಿದ. ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. ಅವಳಂಥವರು ಹಾದಿಯುದ್ದಕ್ಕೂ ಇದ್ದರು: ಒಡೆಯ ಹೊರಗೆ ಹಾಕಿದ ಜೀತದ ಹುಡುಗರು, ತವರೂ ಗಂಡನ ಮನೆಯೂ ಒಟ್ಟಿಗೆ ಖಾಲಿಯಾದ ಎಳೆಯ ಸೊಸೆಯಂದಿರು. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೆಮ್ಮು ಕೇಳಿದರೆ ಹಾದಿಯ ಆಚೆ ಬದಿಗೆ ಹೋಗುತ್ತಿದ್ದರು. ಚಂದವ್ವನಿಗೂ ಕೂತಲ್ಲಿ ಕೂರಲಾಗದ ಚಾಳಿ ಹತ್ತಿತು. ಯಾರಾದರೂ ಬಂದು ಎಬ್ಬಿಸುವ ಮುಂಚೆಯೇ ಎದ್ದುಬಿಡುವಳು. ಕಣ್ಣು ಮುಚ್ಚಿದರೂ ಅಂಗಾಲು ನಡೆಯುತ್ತಲೇ ಇರುವಂತೆ ಅನಿಸುತ್ತಿತ್ತು.

ಅಮೀನಗಡದ ಆಚೆ ಒಂದು ಹುಣಸೆ ಗಿಡದ ಕೆಳಗೆ ಅವಳಿಗಿಂತ ಸಣ್ಣವಳೊಬ್ಬಳು ಕಲಾಯಿ ಹಾಕುವವರು ಬೆಂಕಿಗೆ ಗಾಳಿ ಊದುವ ತಿದಿಯ ಮೇಲೆ ಕೂತಿದ್ದಳು. ಜೈನಬಿ ಅಂತ ಹೆಸರು. ಅಪ್ಪ ಅವ್ವನ ಜೊತೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವಳು. ಇಬ್ಬರನ್ನೂ ಆ ವಾರವೇ ಕಳೆದುಕೊಂಡಿದ್ದಳು.

"ನಿನಗ ಉರಿ ಬಂದೈತೇನ?" ಎಂದು ಅವಳೇ ಕೇಳಿದಳು.

"ಇನ್ನೂ ಇಲ್ಲ."

"ನನಗೂ ಇಲ್ಲ. ಬಾ ಹಂಗಾರ, ಕೂಡೇ ಹೋಗೂಣು."

"ಎಲ್ಲಿಗೆ?"

"ನನಗೇನ ಗೊತ್ತಕ್ಕಾ? ಕುಂತ್ರ ಎಬ್ಬಸ್ತಾರ. ನಡದ್ರ ಯಾರೂ ಏನೂ ಅನ್ನಂಗಿಲ್ಲ."

ಬಹಳ ದಿನಗಳ ಮೇಲೆ ಚಂದವ್ವನಿಗೆ ನಗು ಬಂತು. ತಿದಿಯ ಒಂದು ತುದಿ ತಾನು ಹಿಡಿದಳು.

ಕಮತಗಿಯ ಹೊರಗೆ, ಹಿಂದಿನ ಪ್ಲೇಗಿನಲ್ಲಿ ಊರವರು ಹಾಕಿ ಬಿಟ್ಟುಹೋದ ಗುಡಿಸಲುಗಳು ಇನ್ನೂ ನಿಂತಿದ್ದವು. ಸತ್ತವರ ಜಾಗವೆಂದು ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಅದೇ ಇವರಿಗೆ ಅನುಕೂಲವಾಯಿತು. ಹರಕು ತಟ್ಟಿಗಳನ್ನು ಕೂಡಿಸಿ ಒಂದು ಮೂಲೆ ಮಾಡಿಕೊಂಡರು. ಜೈನಬಿ ಮಲಗಿದಳು. ಚಂದವ್ವ ಮಾತ್ರ ಒಳಗೆ ಹೊರಗೆ ತಿರುಗಾಡಿದಳು. ಇಲ್ಲಿಂದ ಎಬ್ಬಿಸುವವನು ಇನ್ನೂ ಯಾಕೆ ಬರಲಿಲ್ಲ ಎಂಬುದೇ ಅವಳಿಗೆ ಹೆದರಿಕೆ.

ಬಂದದ್ದು ಮನುಷ್ಯನಲ್ಲ, ಉರಿ. ಜೈನಬಿಯ ಮೈ ಕೆಂಡವಾಯಿತು. ಮಾತಿನ ಮಲ್ಲಿಯಂಥವಳು ಹೆಸರು ಹೇಳಲೂ ತೊದಲಿದಳು. ಒಂದು ತಂಬಿಗೆ ಗಂಜಿ ಸಿಕ್ಕೀತೇ ಎಂದು ಚಂದವ್ವ ಊರೊಳಗೆ ಓಡಿದಳು. ಓಣಿಗೆ ಓಣಿಯೇ ಬಿಕೋ ಎನ್ನುತ್ತಿತ್ತು. ನೇಕಾರರ ಓಣಿಯಲ್ಲಿ ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ಒಂದು ದೊಡ್ಡ ಮನೆಯ ಮುಂದೆ ಹಾಯುವಾಗ ಒಳಗಿನಿಂದ ಕ್ಷೀಣ ದನಿ ಬಂತು.

"ಯಾರದೀರಿ ಹೊರಗ? ಒಂದ ಗುಟುಕ ನೀರು..."

ಬಾಗಿಲಿಗೆ ಅಗಳಿ ಇರಲಿಲ್ಲ, ಬರೀ ಮುಂದೆ ಮಾಡಿತ್ತು. ಚಂದವ್ವ ತಳ್ಳಿದಳು. ಪಡಸಾಲೆಯಲ್ಲಿ ಮನೆಯ ಹಿರಿಯಳು ಗುರುಲಿಂಗವ್ವ, ಅವಳ ಮಗ ಚಂದ್ರಶೇಖರಪ್ಪ, ಸೊಸೆ, ಮೊಮ್ಮಕ್ಕಳು ಸಾಲಾಗಿ ಬಿದ್ದಿದ್ದರು. ಹರಿವಿಯಲ್ಲಿ ಹನಿ ನೀರಿರಲಿಲ್ಲ. ಅವಳು ನೀರು ಸೇದಿ ತಂದಳು, ಒಬ್ಬೊಬ್ಬರ ತಲೆ ಎತ್ತಿ ಕುಡಿಸಿದಳು. ಒಲೆ ಹೊತ್ತಿಸಿ ಜೋಳದ ನುಚ್ಚಿನ ಗಂಜಿ ಕಾಸಿದಳು. ತಂಬಿಗೆ ತುಂಬ ಗಂಜಿ ತಗೊಂಡು ಗುಡಿಸಲಿಗೆ ಓಡಿದಳು. ಮತ್ತೆ ಮನೆಗೆ, ಮತ್ತೆ ಗುಡಿಸಲಿಗೆ. ಎಲ್ಲಿದ್ದರೂ ಇನ್ನೊಂದು ಕಡೆಯ ಚಿಂತೆ. ಹೀಗೇ ಕೆಲವು ದಿನ ಓಡಿದಳು. ಅಷ್ಟರಲ್ಲಿ ಸೊಸೆ ತೀರಿಕೊಂಡಳು.

ಅಂದು ಗಾಳಿ ಬಿರುಸಾಗಿತ್ತು, ಗುಡಿಸಲಿನ ತಟ್ಟಿ ಹಾರಿಹೋಗಿತ್ತು. ಚಂದವ್ವ ಬಂದು ಗುರುಲಿಂಗವ್ವನ ಮುಂದೆ ನಿಂತಳು.

"ಆಯಿ, ನನ್ನ ಜೋಡಿ ಒಂದ ಹುಡಿಗಿ ಅದಾಳ. ಕಲಾಯಿ ಹಾಕೋರಾಕಿ, ಜೈನಬಿ. ಅಕಿನ್ನ ಇಲ್ಲಿ ಕರಕೊಂಡ ಬರ್ತೇನ್ರಿ."

ಮುದುಕಿ ಕಣ್ಣು ಮುಚ್ಚಿದಳು. "ನಮ್ಮ ಮನ್ಯಾಗ ಇಂಥಾದ್ದ ಎಂದೂ ನಡದಿಲ್ಲ, ಯವ್ವಾ."

"ಹಂಗಾರ ನಾನೂ ಬರಂಗಿಲ್ಲ. ಕೊಡಾ ಇಲ್ಲೇ ಇಟ್ಟೇನಿ."

ತಾನೇ ಆಡಿದ ಮಾತಿಗೆ ತಾನೇ ಬೆಚ್ಚಿ ಚಂದವ್ವ ಹೊರಗೆ ಬಂದಳು. ನಾಲ್ಕು ಹೆಜ್ಜೆ ಹೋದಳು, ನಿಂತಳು. ಒಳಗೆ ಕೂಸೊಂದು ಕೆಮ್ಮತೊಡಗಿತು. ಅತ್ತ ಜೈನಬಿ, ಇತ್ತ ಈ ಕೆಮ್ಮು. ಹೋಗಲೂ ಆಗದೆ, ನಿಲ್ಲಲೂ ಆಗದೆ ಅಲ್ಲೇ ಓಣಿಯಲ್ಲಿ ಹಿಂದೆ ಮುಂದೆ ನಡೆದಳು. ಕೂಸು ಇನ್ನೊಮ್ಮೆ ಕೆಮ್ಮಿದಾಗ ಅವಳ ಹಟ ಮುರಿಯಿತು. ತಿರುಗಿ ಒಳಗೆ ಹೋಗಿ ಕೂಸಿನ ಬಾಯಿಗೆ ನೀರು ಬಿಟ್ಟಳು.

ಗುರುಲಿಂಗವ್ವ ನೋಡುತ್ತಲೇ ಇದ್ದಳು. "ಮಗ್ಗದ ಖೋಲಿ ಖಾಲಿ ಅದ," ಎಂದಳು. "ಅಲ್ಲಿ ಮಲಗಸು. ಕರಕೊಂಡ ಬಾ, ಲಗೂನ."

ಜೈನಬಿಯನ್ನು ಬೆನ್ನ ಮೇಲೆ ಹೊತ್ತು ತಂದಳು. ಆ ಹುಡುಗಿ ಗಟ್ಟಿ ಜೀವ. ಉರಿ ಇಳಿಯಿತು, ತಲೆಗೂದಲು ಉದುರಿ ಬೋಳಾದಳು, ದೀಪಾವಳಿ ಕಳೆದ ಮೇಲೆ ಮತ್ತೆ ಮಾತು ಶುರು ಮಾಡಿದಳು. ಉರಿ ನಿಂತು ಊರಿನ ಬಾಗಿಲುಗಳು ತೆರೆದದ್ದೇ ತಡ, ಯಾರ ಮನೆಯ ಹುಡುಗಿಯರು, ಯಾವ ಜಾತಿ ಎಂದು ಕೇಳುವವರೂ ಹುಟ್ಟಿಕೊಂಡರು. "ನೀವು ಒಳಗ ಅಗಳಿ ಹಾಕ್ಕೊಂಡಾಗ ನಮಗ ನೀರ ಕೊಟ್ಟವರು" ಎಂದು ಗುರುಲಿಂಗವ್ವ ಕೇಳಿದವರನ್ನೆಲ್ಲ ಬಾಗಿಲಿಂದಲೇ ಕಳಿಸಿದಳು.

ಚಂದವ್ವ ಅದೇ ಕೋಣೆಯ ಮಗ್ಗದಲ್ಲಿ ನೇಯಲು ಕೂತಳು. ಆದರೂ ವರ್ಷಗಟ್ಟಲೆ ಅವಳ ಸೀರೆಗಳು ಗಂಟಿನಲ್ಲೇ ಇದ್ದವು. ಗೂಟಕ್ಕೆ ಹಾಕು ಎಂದರೆ "ಇರಲ್ರಿ" ಎನ್ನುವಳು. ಹೆಂಡತಿ ತೀರಿದ ತನ್ನ ಮಗನನ್ನು ಮದುವೆಯಾಗು ಎಂದು ಗುರುಲಿಂಗವ್ವ ಕೇಳಿದಾಗ, "ಕೊಟ್ಟ ಮನಿ ನಾಳೆ ಕಸಗೊಂಡ್ರ?" ಎಂದುಬಿಟ್ಟಳು. ಮುದುಕಿ ಎಷ್ಟೋ ದಿನ ಮುನಿಸಿಕೊಂಡಿದ್ದಳು. ಆ ಮಾತು ಮತ್ತೆ ಬರಲಿಲ್ಲ.

ಒಮ್ಮೆ ಹುನಗುಂದಕ್ಕೆ ಹೋದಳು. ಸಣ್ಣವ್ವನ ಬಾಗಿಲು ಹಗಲಿಡೀ ತೆರೆದೇ ಇತ್ತು. ಮುಚ್ಚಿ ಕಾಯಲು ಒಳಗೆ ಆ ಎರಡು ಕೂಸುಗಳು ಉಳಿದಿರಲಿಲ್ಲ. "ನಾ ಬಾಗಲಾ ತಗೀಲೇ ಇಲ್ಲ. ಆದ್ರೂ ಬಂತಲ್ಲ, ಚಂದವ್ವ," ಎಂದು ಸಿದ್ದವ್ವ ಅವಳ ಕೈ ಹಿಡಿದಳು. ಬೈಯಬೇಕೆಂದು ಹಾದಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದ ಚಂದವ್ವ ಒಲೆ ಹೊತ್ತಿಸಿ ರೊಟ್ಟಿ ಬಡಿದು ಬಂದಳು.

ಜೈನಬಿ ಕಮತಗಿಯ ಸಂತೆಯಲ್ಲಿ ತಿದಿ ಊದುತ್ತ ಬೆಳೆದಳು. ಶಿರೂರಿನ ದಸ್ತಗೀರಸಾಬನ ಜೊತೆ ಅವಳ ನಿಕಾ ಆಯಿತು. ಕಳಿಸುವ ದಿನ ಚಂದವ್ವ ಗಾಡಿಯ ಹಿಂದೆ ನಡೆಯುತ್ತಲೇ ಹೋದಳು, ಊರು ದಾಟಿತು, ಹೊಲ ದಾಟಿತು. ಕಡೆಗೆ ದಸ್ತಗೀರಸಾಬನೇ ಎತ್ತು ನಿಲ್ಲಿಸಿ, "ಹತ್ರಿ ಅಕ್ಕಾ, ಎಷ್ಟಂತ ನಡೀತೀರಿ?" ಎಂದ. ಹತ್ತಿದಳು. ಶಿರೂರಿನಲ್ಲಿ ಒಂದು ರಾತ್ರಿ ಕಳೆದು, ಬೆಳಕು ಹರಿಯುವ ಮುಂಚೆ ಸೆರಗು ಬಿಗಿದು ಹೊರಟು ನಿಂತಳು.

"ಇನ್ನ ನಾಕ ದಿನ ಇರಕ್ಕಾ. ನಿನ್ನ ಇಲ್ಲಿ ಯಾರ ಎಬ್ಬಸ್ತಾರ?" ಎಂದಳು ಜೈನಬಿ.

"ಯಾರೂ ಇಲ್ಲ. ಮಗ್ಗಕ್ಕ ಹಾಸಿನ ನೂಲು ಹೂಡಿ ಬಂದೇನಿ, ಸಿಕ್ಕಾದ್ರ ಯಾರ ಬಿಡಸ್ತಾರ? ಮನೀಗಿ ಹೋಗ್ತೇನಿ," ಎಂದು ಚಂದವ್ವ ಕಮತಗಿಯ ಹಾದಿ ಹಿಡಿದಳು.