ನಿಂತುಹೋದ ಟ್ರಯಲ್ಲಿನ ಹನ್ನೊಂದು ಮಾತ್ರೆ

ಹೋದ ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಮಹಾನಂದಾ ಸ್ಟೀಲ್ ತಟ್ಟೆಯಲ್ಲಿ ಒಂದೇ ಒಂದು ಬಿಳಿ ಮಾತ್ರೆ ಇಟ್ಟು ನನ್ನ ಮುಂದೆ ತಂದಳು. ಉಪ್ಪಿಟ್ಟು ಬರಬೇಕಾದ ಹೊತ್ತಿಗೆ ಮಾತ್ರೆ ಬಂದರೆ ಯಾವ ಗಂಡನಿಗೆ ಗಾಬರಿಯಾಗುವುದಿಲ್ಲ?

"ನೋಡಿ ಹೇಳ್ರಿ. ಇದು ಔಷಧ ಐತೋ, ಬರೇ ಖಾಲಿ ಗುಳಿಗಿ ಐತೋ?"

ನನ್ನನ್ನೇ ಕೇಳಿದ್ದಕ್ಕೆ ಕಾರಣವಿದೆ. ಇಲ್ಲಿನ ತೆಲುಗು ಸೀಮೆಯ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರ ಮಾತ್ರೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಸವೆಸಿದವನು ನಾನು. (ಇದನ್ನು ಈ ಅಂಕಣದಲ್ಲಿ ಎಷ್ಟನೆಯ ಸಲ ಹೇಳುತ್ತಿದ್ದೇನೋ, ಓದುಗರು ಕ್ಷಮಿಸಬೇಕು.)

ಹಿನ್ನೆಲೆ ಇಷ್ಟು. ಮುಟ್ಟು ನಿಂತ ಮೇಲೆ, ಎರಡು ವರ್ಷದಿಂದ, ಮಹಾನಂದಾಗೆ ಮೈಯೊಳಗಿಂದ ಝಳ ಏಳುತ್ತಿತ್ತು. ದಿನಕ್ಕೆ ಎಂಟು ಸಲ, ಹತ್ತು ಸಲ. ಡಿಸೆಂಬರಿನಲ್ಲೂ ಮನೆಯ ಫ್ಯಾನು ಐದರ ಮೇಲೆ. ನಾನು ರಗ್ಗಿನೊಳಗೆ, ಮಂಕಿ ಟೋಪಿಯಲ್ಲಿ. ಹಾರ್ಮೋನ್ ಮಾತ್ರೆಗಳೇನೋ ಇವೆ. ಆದರೆ ಇವಳ ಕಾಲಿನಲ್ಲಿ ಹಿಂದೊಮ್ಮೆ ರಕ್ತ ಹೆಪ್ಪುಗಟ್ಟಿತ್ತು, ಹಾಗಾಗಿ ಡಾಕ್ಟರು ಬೇಡವೆಂದರು. ಆಗ ಗೊತ್ತಾಯಿತು, ಆಸ್ಪತ್ರೆಯೊಂದರಲ್ಲಿ ಹಾರ್ಮೋನ್ ಇಲ್ಲದ ಹೊಸ ಔಷಧದ ಟ್ರಯಲ್ ನಡೆಯುತ್ತಿದೆ ಎಂದು. ಸೇರಿದವರಲ್ಲಿ ಅರ್ಧ ಮಂದಿಗೆ ಔಷಧ, ಅರ್ಧ ಮಂದಿಗೆ ಅದೇ ಥರ ಕಾಣುವ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವ ಡಾಕ್ಟರಿಗೂ ತಿಳಿಯದು. ಮಹಾನಂದಾ ಸೇರಿದಳು.

ಮೂರನೆಯ ವಾರಕ್ಕೆ ಝಳ ಇಳಿಯಿತು. ಅವಳಿಗೆ ನಿದ್ದೆ ಬಂತು. ನಾನು ಟೋಪಿ ತೆಗೆದೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು: ಟ್ರಯಲ್ ನಿಂತಿದೆ, ಉಳಿದ ಮಾತ್ರೆ ವಾಪಸ್ ತನ್ನಿ.

ಉಳಿದದ್ದು ಹನ್ನೊಂದು. ಅದರಲ್ಲೊಂದು ಈಗ ತಟ್ಟೆಯಲ್ಲಿ. ಔಷಧವೇ ಆಗಿದ್ದರೆ ವಾಪಸ್ ಕೊಡುವುದೋ ಬೇಡವೋ ಎಂಬ ವಿಚಾರ ಅವಳದು.

ನಾನು ಕನ್ನಡಕ ಏರಿಸಿ, ನ್ಯಾಯಾಧೀಶನ ಗಾಂಭೀರ್ಯದಲ್ಲಿ ವಿಚಾರಣೆ ಆರಂಭಿಸಿದೆ. ಅಂಚು ನೋಡಿದೆ. ಬೆಳಕಿಗೆ ಹಿಡಿದೆ. ಮೂಸಿದೆ. ನಾಲಿಗೆಯ ತುದಿಗೆ ತಾಗಿಸಿದೆ. (ಕಾರ್ಖಾನೆಯಲ್ಲಿ ಇದು ಅಪರಾಧ. ಎಲ್ಲರೂ ಮಾಡುತ್ತಿದ್ದೆವು.)

"ಅಯ್ಯ, ಎಂಜಲಾ ಮಾಡಿದ್ರಿ? ವಾಪಸ್ ಕೊಡೂ ಗುಳಿಗಿರಿ ಅದು!"

"ಕೋಟಿಂಗ್ ಭಾಳ ಛೊಲೋ ಐತಿ."

"ಕೋಟಿಂಗ್ ಯಾರ್ ಕೇಳ್ಯಾರ? ಒಳಗ ಏನೈತಿ ಹೇಳ್ರಿ."

ಏನು ಹೇಳಲಿ? ಟ್ರಯಲ್‌ಗಳಿಗೆ ಬೇಕಾದ ಖಾಲಿ ಮಾತ್ರೆಗಳನ್ನು ನಮ್ಮ ವಿಭಾಗವೇ ಮಾಡುತ್ತಿತ್ತು. ಅದೇ ತೂಕ, ಅದೇ ಬಣ್ಣ, ಅದೇ ಹೊಳಪು. ಮಾಡಿದವನಿಗೇ ವ್ಯತ್ಯಾಸ ತಿಳಿಯಬಾರದು, ಅದು ನಮ್ಮ ಹೆಮ್ಮೆ. ಆ ಹೆಮ್ಮೆ ಈಗ ತಟ್ಟೆಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು.

"ಗೊತ್ತಾಗವಲ್ದು," ಎಂದೆ.

ಮಾರನೆಯ ದಿನ ಆಸ್ಪತ್ರೆಗೆ ಹೋದೆವು. ಟ್ರಯಲ್ ನೋಡಿಕೊಳ್ಳುವ ಹುಡುಗಿ ಸ್ವಾತಿಯನ್ನು ಕೇಳಿದೆ: ಯಾಕಮ್ಮಾ ನಿಲ್ಲಿಸಿದ್ದು, ಯಾರಿಗಾದರೂ ತೊಂದರೆಯಾಯಿತೇ?

"ಲೇದು ಅಂಕಲ್. ಫಂಡಿಂಗ್ ಲೇದು."

ತೊಂದರೆ ಯಾರಿಗೂ ಇಲ್ಲ, ಇಲ್ಲದ್ದು ಹಣ. ಹಣ ಹಾಕುತ್ತಿದ್ದ ಕಂಪನಿಯ ಪ್ರಯಾರಿಟಿ, ಅಂದರೆ ಆದ್ಯತೆ, ಬದಲಾಗಿದೆಯಂತೆ. (ಮುಂದಿನ ಮಾತೆಲ್ಲ ತೆಲುಗು, ಹಿಂದಿ ಬೆರೆತು ನಡೆಯಿತು. ಕನ್ನಡಕ್ಕೆ ಇಳಿಸಿದ ಪಾಪ ನನ್ನದು.)

"ನನಗೆ ಕೊಟ್ಟಿದ್ದು ಯಾವುದಮ್ಮಾ?" ಮಹಾನಂದಾ ಕೇಳಿದಳು.

"ನನಗೂ ಗೊತ್ತಿಲ್ಲ ಆಂಟಿ. ಸ್ಟಡಿ ಮುಗಿದ ಮೇಲೆ ಕಂಪನಿಯವರು ಹೇಳ್ತಾರೆ."

"ಮುಗೀತಲ್ಲ?"

"ಮುಗಿದಿಲ್ಲ ಆಂಟಿ. ನಿಂತಿದೆ."

ನನಗೆ ತಲೆ ಗಿರ್ರೆಂದಿತು. ಔಷಧವೇ ಆಗಿದ್ದರೆ, ಝಳ ಇಳಿಸುವ ಔಷಧವನ್ನು ಯಾರಾದರೂ ಅರ್ಧಕ್ಕೆ ಬಿಡುತ್ತಾರೆಯೇ? ಖಾಲಿಯಾಗಿದ್ದರೆ, ಇವಳಿಗೆ ಆರಾಮಾದದ್ದು ಯಾತರಿಂದ? ಇವಳೊಬ್ಬಳನ್ನು ನೋಡಿ ಹೇಳಲಾಗದು. ಸೇರಿದವರೆಲ್ಲರ ಲೆಕ್ಕ ಒಟ್ಟಿಗೆ ನೋಡಬೇಕು. ಆ ಲೆಕ್ಕ ನೋಡುವುದಕ್ಕೇ ಹಣವಿಲ್ಲ. ಹಾಗಾದರೆ ಇಷ್ಟು ವಾರ ಇವಳು ನುಂಗಿದ್ದೇನು?

ಪ್ರಯಾರಿಟಿ ಎಂಬ ಪದ ನನಗೆ ಹೊಸದೇನಲ್ಲ. ಹಿಂದೆ ನಮ್ಮ ಕಾರ್ಖಾನೆಯ ಮೀಟಿಂಗೊಂದರಲ್ಲಿ ಹೊಸ ಔಷಧಗಳ ಪಟ್ಟಿ ಓದಿದ್ದರು. ಕೂದಲು ಉದುರುವ ಸಮಸ್ಯೆಗೆ ಅರ್ಧ ಗಂಟೆ ಚರ್ಚೆ. (ಮೇಜಿನ ಸುತ್ತ ಇದ್ದ ತಲೆಗಳನ್ನು ನೋಡಿದರೆ ಅದು ಸಹಜವೇ.) ಮುಟ್ಟು ನಿಂತ ಹೆಂಗಸರ ಝಳದ್ದು ಬಂದಾಗ ಯಾರೋ 'ನೆಕ್ಸ್ಟ್' ಎಂದರು. ಯಾರೂ ವಿರೋಧಿಸಲಿಲ್ಲ. ನಾನೂ ಸುಮ್ಮನೆ ಚಹಾ ಕುಡಿದೆ.

ಮಹಾನಂದಾ ಸ್ಟ್ರಿಪ್ಪನ್ನೂ ಆ ಬಿಡಿ ಮಾತ್ರೆಯನ್ನೂ ಸ್ವಾತಿಯ ಮೇಜಿನ ಮೇಲಿಟ್ಟಳು. ನಾನು ಕೈ ಅಡ್ಡ ಹಿಡಿದು, "ಇರಲಿ ಬಿಡು, ಇಟ್ಕೋ," ಎಂದು ಪಿಸುಗುಟ್ಟಿದೆ. ನಿಯಮ ಮುರಿಯೆಂದು ಇನ್ನೊಬ್ಬರಿಗೆ ನಾನು ಹೇಳಿದ್ದು ಬಹುಶಃ ಅದೇ ಮೊದಲು.

"ಇಟ್ಕೊಂಡ್ರ ಹನ್ನೊಂದು ದಿನ. ಆಮ್ಯಾಲ?"

ನಾನು ಕೈ ಹಿಂದೆ ತೆಗೆದೆ. ಸ್ವಾತಿ ಒಂದು ಫಾರ್ಮ್ ಮುಂದಿಟ್ಟಳು. 'ಟ್ರಯಲ್ ಬಿಡಲು ಕಾರಣ' ಎಂದು ಕೇಳಿ ಕೆಳಗೆ ನಾಲ್ಕು ಚೌಕ: ಅಡ್ಡ ಪರಿಣಾಮ, ಗುಣ ಕಾಣಲಿಲ್ಲ, ಊರು ಬದಲಾವಣೆ, ವೈಯಕ್ತಿಕ.

"ಇದರಾಗ ನಂದು ಯಾವುದ್ರಿ?" ಎಂದು ಮಹಾನಂದಾ ನನ್ನನ್ನು ಕೇಳಿದಳು.

"ಪರ್ಸನಲ್‌ಗೆ ಟಿಕ್ ಮಾಡಿ ಆಂಟಿ. ಎಲ್ಲರೂ ಅದನ್ನೇ ಮಾಡ್ತಿದ್ದಾರೆ," ಎಂದಳು ಸ್ವಾತಿ.

"ಹಾಕಿಬಿಡು," ಎಂದೆ ನಾನೂ.

ಮಹಾನಂದಾ ನನ್ನನ್ನೊಮ್ಮೆ ನೋಡಿದಳು. ಪೆನ್ನು ತೆಗೆದುಕೊಂಡು, ಯಾವ ಚೌಕವನ್ನೂ ಮುಟ್ಟದೆ, ಅಂಚಿನಲ್ಲಿ ದುಂಡು ಕನ್ನಡದಲ್ಲಿ ಬರೆದಳು: 'ನಾ ಬಿಟ್ಟಿಲ್ಲ. ನೀವು ಬಿಟ್ಟೀರಿ.'

ಸ್ವಾತಿ ಫಾರ್ಮನ್ನು ಅತ್ತಿತ್ತ ತಿರುಗಿಸಿದಳು. ನಾನು ಅರ್ಥ ಹೇಳಿದೆ. ಅವಳು ಅದನ್ನು ಫೈಲಿಗೆ ಸೇರಿಸಿ, "ಕಂಪನಿಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಅಂಕಲ್," ಎಂದಳು.

ಇಂಗ್ಲಿಷಿನಲ್ಲಿ ಬರೆದಿದ್ದರೆ ಓದುತ್ತಿದ್ದರೇ?